ಬಿಸಿಲು ಕುಡಿದ ಕಾರು

ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವವಳು. ಇಂಥವಳನ್ನು ಕಟ್ಟಿಕೊಂಡ ನಮ್ಮ ಯಜಮಾನರು, ಗಡಿಯಾರ ರಿಪೇರಿಯವರು, ಒಂದು ದಿನ ಕಾರನ್ನೇ ಡಬ್ಬಗಳಲ್ಲಿ ತರಿಸಿಬಿಟ್ಟರು. ಬಿಡಿಭಾಗ ಕಳಿಸುತ್ತಾರಂತೆ, ಜೋಡಿಸಿಕೊಳ್ಳುವ ಕರ್ಮ ನಮ್ಮದಂತೆ. ಓಡುವುದು ಬ್ಯಾಟರಿಯಲ್ಲಿ, ತಲೆಯ ಮೇಲಿನ ಸೋಲಾರ್ ಹಲಗೆ ಬಿಸಿಲಿನಿಂದ ಅದಕ್ಕೆ ಕರೆಂಟ್ ತುಂಬುತ್ತದೆ.

"ನೋಡ್ತಾ ಇರು, ನಿನ್ನನ್ನೇ ಮೊದಲು ಕೂರಿಸ್ತೀನಿ," ಅಂದರು.

"ಅಯ್ಯೋ, ನಂಗಿನ್ನೂ ಬದುಕೋ ಆಸೆ ಇದೆ ಕಣ್ರೀ!"

ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಕುಟ್ಟಿ ಕುಟ್ಟಿ ಅಂತೂ ಕಾರು ಮಾಡಿದರು. ಮುಂದೆ ಇಬ್ಬರು, ಹಿಂದೆ ನಮ್ಮ ಆರು ವರ್ಷದ ಮಗಳಿಗಷ್ಟೇ ಜಾಗ. ನಮ್ಮ ಮನೆ ಇಳಿಜಾರಿನ ತುದಿಯಲ್ಲಿದೆ, ಕೆಳಗೆ ಬಸ್ಸು ಓಡಾಡುವ ದೊಡ್ಡ ರಸ್ತೆ. ಆ ಇಳಿಜಾರನ್ನು ನಡೆದು ಇಳಿಯುವಾಗಲೂ ನಾನು ಪಕ್ಕದ ಗೋಡೆ ಹಿಡಿದುಕೊಳ್ಳುವವಳು.

"ಆಕ್ಸಿಲರೇಟರ್‌ನಿಂದ ಕಾಲೆತ್ತಿದ್ರೆ ಸಾಕು," ಅನ್ನುತ್ತಿದ್ದರು ಇವರು, "ಮೋಟರೇ ಗಾಡೀನ ಹಿಡಿಯುತ್ತೆ. ಆ ವೇಗ ಎಲ್ಲ ಕರೆಂಟಾಗಿ ಬ್ಯಾಟರಿಗೆ ವಾಪಸ್. ಬ್ರೇಕ್ ಮುಟ್ಟೋದೇ ಬೇಡ!"

ನಿಜವೇ, ಹಾಗೆಯೇ ಇಳಿಯುತ್ತಿದ್ದರು. ಬ್ರೇಕ್ ಪೆಡಲ್ ಮೆತ್ತಗಿದೆ, ಪೈಪಿನಲ್ಲಿ ಗಾಳಿ ಸೇರಿದೆ ಎಂದು ಅವರೇ ಹೇಳಿದ್ದರು. ಸರಿಮಾಡಿ ಎಂದು ಗೋಗರೆದೆ. "ಮೋಟರ್ ಇದೆಯಲ್ಲೇ," ಅಂದರು. ಗಡಿಯಾರದ ಮುಳ್ಳು ಕೂದಲೆಳೆ ಆಚೀಚೆಯಾದರೆ ನಿದ್ದೆ ಬಿಡುವ ಮನುಷ್ಯ, ಹೆಂಡತಿಯ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಭಾನುವಾರ ಕಾರು ಬೆಳಗಿನಿಂದ ಅಂಗಳದ ಬಿಸಿಲಲ್ಲೇ ನಿಂತಿತ್ತು. ಮಧ್ಯಾಹ್ನ ನೋಡಿದರೆ ಬ್ಯಾಟರಿ ಭರ್ತಿ, ಮೊದಲ ಸಲ. ಇವರು ಕುಣಿದಾಡಿ ಮಗಳನ್ನು ಹತ್ತಿಸಿದರು. ಮಗುವೊಂದನ್ನೇ ಇವರ ಜೊತೆ ಕಳಿಸಲು ಇನ್ನೂ ಹೆಚ್ಚು ಭಯವಾಗಿ ನಾನೂ ಹತ್ತಿದೆ.

ಇಳಿಜಾರಿನಲ್ಲಿ ಇವರು ಕಾಲೆತ್ತಿದರು. ಕಾರು ನಿಧಾನವಾಗಲಿಲ್ಲ.

"ರೀ, ಮೆಲ್ಲಗೆ."

ಇವರು ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡರು.

"ರೀ!"

"ಹಿಡೀತಾ ಇಲ್ಲ ಕಣೇ."

ಬ್ರೇಕ್ ತುಳಿದರು. ಪೆಡಲ್ ಸುಮ್ಮನೆ ನೆಲ ಮುಟ್ಟಿತು. ಆಮೇಲೆ ಗೊತ್ತಾಯಿತು: ತುಂಬಿದ ಬ್ಯಾಟರಿ ಬಂದ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಆಗ ಮೋಟರೂ ಗಾಡಿಯನ್ನು ಹಿಡಿಯುವುದಿಲ್ಲ. ತುಂಬಿದ ಹೊಟ್ಟೆಗೆ ತುತ್ತು ಇಳಿಯುತ್ತದೆಯೇ? ಆಗ ನನಗೆ ಗೊತ್ತಿದ್ದದ್ದು ಹಿಂದಿನ ಸೀಟಿನಲ್ಲಿ ಮಗು ಇದೆ ಎಂಬುದೊಂದೇ. ಕೆಳಗೆ ರಸ್ತೆಯಲ್ಲಿ ಬಸ್ಸು ಬರುತ್ತಿತ್ತು.

"ಹ್ಯಾಂಡ್‌ಬ್ರೇಕ್! ಎಳಿ!" ಎಂದು ಕಿರುಚಿದರು. ಇಬ್ಬರ ನಡುವಿನ ಆ ಹಿಡಿಯನ್ನು ಎರಡೂ ಕೈಯಿಂದ ಎಳೆದೆ. ಕಾರು ಗಿರಕಿ ಹೊಡೆದು, ಗೋಡೆಗೆ ಉಜ್ಜಿ, ರಸ್ತೆಗೆ ಮೂತಿ ಚಾಚಿ ನಿಂತಿತು. ಬಸ್ಸು ಕಿರ್ರೆನ್ನುತ್ತಾ ಮೊಳದಷ್ಟು ದೂರದಲ್ಲಿ ನಿಂತಿತು.

ಮಗಳನ್ನು ಬಾಚಿ ತಬ್ಬಿಕೊಂಡು ಇಳಿದೆ. ಕೈಕಾಲು ಮುಟ್ಟಿ ಮುಟ್ಟಿ ನೋಡಿದೆ, ಒಂದು ಗೀರೂ ಇಲ್ಲ.

ಬಸ್ಸಿನ ಡ್ರೈವರ್ ಕೆಂಡವಾಗಿ ಬಂದ. "ಯಾವ ತಲೆಕೆಟ್ಟೋನ್ರೀ ಮಾಡಿದ್ದು ಈ ಗಾಡೀನ?"

ಇವರು ಕಾರಿನಿಂದಿಳಿದು ತಲೆ ತಗ್ಗಿಸಿದರು.

"ನಮ್ಮಪ್ಪ!" ನನ್ನ ತೋಳಿನಿಂದ ಮಗಳು ಕತ್ತು ಚಾಚಿ ಹೆಮ್ಮೆಯಿಂದ ಹೇಳಿದಳು. "ಎಲ್ಲಾ ಅಪ್ಪ ಒಬ್ಬರೇ ಮಾಡಿದ್ದು!"

ಇವರು ಅಲ್ಲೇ ನಡುರಸ್ತೆಯಲ್ಲಿ ಕುಸಿದು ಕೂತು ಮುಖ ಮುಚ್ಚಿಕೊಂಡರು. ಬೈಯಬೇಕೆಂದು ಬಾಯಿ ತೆರೆದೆ, ನನಗೂ ಅಳು ಬಂತು.