ಸೆಂಟ್ರಿಂಗ್ ಭಗವಂತರಾಯ ಮಗಳಿಗೆ ರ‍್ಯಾಂಪ್ ಮಾಡಿಕೊಟ್ಟಿದ್ದು

ಸಾಯಂಕಾಲ ಐದು ಗಂಟೆಗೆ ಹೊರಮಾವಿನ ಯಾವ ಅಡ್ಡರಸ್ತೆಗೆ ಬೇಕಾದರೂ ಹೋಗಿ ನೋಡಿ. ಒಂದು ಕಡೆಯಿಂದ ನೀರಿನ ಟ್ಯಾಂಕರು, ಇನ್ನೊಂದು ಕಡೆಯಿಂದ ಊಟ ತಲುಪಿಸುವವರ ಬೈಕು, ಇವೆರಡರ ನಡುವೆ ನಮ್ಮ ಮಕ್ಕಳು. ಬೇಡ ಅಂದರೆ ಕೇಳುತ್ತಾರೆಯೇ? ಎರಡು ಇಟ್ಟಿಗೆ ಇಟ್ಟು, ಮೇಲೊಂದು ಹಲಗೆ ಒರಗಿಸಿ, ಅದರ ಮೇಲೆ ಸೈಕಲ್ ಹತ್ತಿಸಿ ಹಾರಿಸುವುದೇ ಈಗಿನ ಆಟ. ಹಲಗೆ ಜಾರುತ್ತದೆ, ಇಟ್ಟಿಗೆ ಉರುಳುತ್ತದೆ, ಮಂಡಿ ತರಚಿಕೊಂಡು ಮನೆಗೆ ಬರುತ್ತಾರೆ. ನಾವು ಬೈಯುತ್ತೇವೆ, ಮುಲಾಮು ಹಚ್ಚುತ್ತೇವೆ, ಮಾರನೇ ದಿನ ಮತ್ತೆ ಅದೇ ಹಾಡು.

ಭಗವಂತರಾಯನ ಮನೆಯಲ್ಲೂ ಇದೇ ಆಗಿತ್ತು. ಅವನು ಯಾದಗಿರಿ ಕಡೆಯವನು, ಬೆಂಗಳೂರಿಗೆ ಬಂದು ಹದಿನಾರು ವರ್ಷ. ಮಾಡುವುದು ಸೆಂಟ್ರಿಂಗ್ ಕೆಲಸ. ತಾರಸಿ ಹಾಕುವ ಮೊದಲು ಪ್ಲೈವುಡ್ ಹಾಸಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸಬೇಕು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಎಲ್ಲವನ್ನೂ ಬಿಚ್ಚಿಕೊಂಡು ಇನ್ನೊಂದು ಕಟ್ಟಡಕ್ಕೆ ಹೋಗಬೇಕು. ಹೆಂಡತಿ ಅಯ್ಯಮ್ಮ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಒಬ್ಬಳೇ ಮಗಳು ಕಾವೇರಿ, ಎಂಟನೇ ಕ್ಲಾಸು. ಮುನಿರಾಜಪ್ಪನವರ ವಠಾರದಲ್ಲಿ ಬಾಡಿಗೆಗೆ ಒಂದು ರೂಮು. ಕಾವೇರಿಗೆ ಆಸ್ತಿ ಅಂತ ಇದ್ದದ್ದು ಒಂದೇ, ಅಪ್ಪ ಕೊಡಿಸಿದ ಹಳೇ ನೀಲಿ ಸೈಕಲ್ಲು.

ಒಂದು ಶುಕ್ರವಾರ ಹಲಗೆ ಜಾರಿ ಕಾವೇರಿ ಟ್ಯಾಂಕರಿನ ಮುಂದೆಯೇ ಬಿದ್ದಳು. ಡ್ರೈವರ್ ಬ್ರೇಕ್ ಒತ್ತಿದ್ದಕ್ಕೆ ಬಚಾವ್. ಅಯ್ಯಮ್ಮ ಅವಳನ್ನು ಎಳೆದುಕೊಂಡು ಬಂದು ಬಾಯಿಗೆ ಬಂದಂತೆ ಬೈದಳು. ಬೈಗುಳ ಮುಗಿದ ಮೇಲೆ ಹುಡುಗಿ ಅಪ್ಪನ ಪಕ್ಕ ಸರಿದಳು.

“ಅಪ್ಪಾ, ನೀನೇ ಒಂದು ರ‍್ಯಾಂಪ್ ಮಾಡ್ಕೊಡು. ಗಟ್ಟಿ ಇದ್ರೆ ನಾನ್ಯಾಕೆ ಬೀಳ್ತೀನಿ?”

“ರ‍್ಯಾಂಪೇನು ದೊಡ್ಡ ಮಾತಾ? ಹತ್ತು ಅಪಾರ್ಟ್‌ಮೆಂಟಿಗಿ ಕಾರ್ ಇಳಿಯೋ ರ‍್ಯಾಂಪ್ ಮಾಡೀನಿ. ಇದು ಎಲ್ಲಿಗಿ ಹೋಗಬೇಕು, ಅದು ಹೇಳು.”

“ಎಲ್ಲಿಗೂ ಹೋಗಲ್ಲಪ್ಪ. ಹತ್ತೋದು, ಹಾರೋದು, ಆಮೇಲೆ ನೆಲಕ್ಕೆ ಬರೋದು.”

“ನೆಲಕ್ಕೇ ಬರೋದಿದ್ರ ಹತ್ತೋದು ಯಾಕ?”

ಭಗವಂತರಾಯನಿಗೆ ತಲೆಬುಡ ಅರ್ಥವಾಗಲಿಲ್ಲ. ಮೆಟ್ಟಿಲಾದರೆ ಮಹಡಿಗೆ ಹೋಗುತ್ತದೆ, ರ‍್ಯಾಂಪಾದರೆ ಪಾರ್ಕಿಂಗಿಗೆ ಹೋಗುತ್ತದೆ. ಇದೆಂಥದು, ಅರ್ಧಕ್ಕೇ ಮುಗಿಯುವುದು?

“ಹೆಣ್ಣ್ ಹುಡುಗಿಗಿ ಹಾರೋದು ಜಿಗಿಯೋದು ಯಾಕ ಬೇಕ್ರಿ?” ಅಂದಳು ಅಯ್ಯಮ್ಮ.

“ಇರ್ಲಿ ಬಿಡು. ಇಟ್ಟಿಗಿ ಮ್ಯಾಲ ಹಾರಿ ಸಾಯೋದಕ್ಕಿಂತ ನಾ ಗಟ್ಟಿ ಮಾಡಿಕೊಡ್ತೀನಿ,” ಅಂದ ಭಗವಂತರಾಯ.

ಮಾತು ಕೊಟ್ಟ ಮೇಲೆ ಹಿಂದೆಗೆಯುವ ಆಸಾಮಿ ಅವನಲ್ಲ. ಸೂಪರ್‌ವೈಸರನ್ನು ಕೇಳಿ ಬಳಸಿ ಬಿಟ್ಟ ಒಂದು ಸೆಂಟ್ರಿಂಗ್ ಪ್ಲೈ ತಂದ. ಕಂದು ಬಣ್ಣದ್ದು, ಮೇಲ್ಮೈ ಗಾಜಿನಷ್ಟು ನುಣುಪು. ವಠಾರದ ಅಂಗಳದಲ್ಲಿ ಶನಿವಾರ ಇಡೀ ಸಾಯಂಕಾಲ ಕೂತು ಎರಡಡಿ ಎತ್ತರಕ್ಕೆ ಕಟ್ಟಿದ. ಮೊಳೆಗಳನ್ನು ಮುಕ್ಕಾಲು ಭಾಗ ಹೊಡೆದು ತಲೆಯನ್ನು ಹೊರಗೇ ಬಿಟ್ಟ. ಬಿಚ್ಚುವಾಗ ಕೀಳಲು ಸುಲಭವಾಗಲಿ ಎಂದು ಸೈಟಿನಲ್ಲಿ ಎಲ್ಲರೂ ಬಿಡುವುದೇ ಹಾಗೆ. ಕೊನೆಗೆ ಬ್ರಷ್ಷಿನಲ್ಲಿ ಮೇಲೆಲ್ಲ ಒಂದು ಕೈ ಎಣ್ಣೆ ಬಳಿದ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ಹದಿನಾರು ವರ್ಷ ಪಳಗಿದ ಕೈ, ತನ್ನ ಪಾಡಿಗೆ ತಾನು ಮಾಡಿತು.

“ಅಪ್ಪಾ, ಹೆಂಗೆ ಹೊಳೀತಿದೆ!” ಅಂದಳು ಕಾವೇರಿ.

“ಮತ್ತ! ನಿಮ್ಮಪ್ಪ ಮಾಡಿದ್ದು,” ಅಂದ ಅವನು.

ಭಾನುವಾರ ಬೆಳಿಗ್ಗೆ ರ‍್ಯಾಂಪನ್ನು ಅದೇ ರಸ್ತೆಗೆ ಹೊತ್ತು ತಂದರು. ಕಾವೇರಿ ದೂರದಿಂದ ತುಳಿದುಕೊಂಡು ಬಂದಳು. ಮುಂದಿನ ಚಕ್ರ ಹತ್ತಿತು, ಹಿಂದಿನ ಚಕ್ರ ಹತ್ತುತ್ತಿದ್ದಂತೆ ಪಕ್ಕಕ್ಕೆ ಜಾರಿತು. ಹುಡುಗಿ ಸೈಕಲ್ ಸಮೇತ ಅಡ್ಡ ಬಿದ್ದಳು. ಎದ್ದು ನಿಂತ ಮೊಳೆಯೊಂದು ಮುಂಗೈಯನ್ನು ಉದ್ದಕ್ಕೆ ಸೀಳಿತು. ಕ್ಲಿನಿಕ್ಕಿನಲ್ಲಿ ನಾಲ್ಕು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ತಲೆಗೆ ಪೆಟ್ಟಾಗದೆ ಇದ್ದದ್ದು ಪುಣ್ಯ.

ಹೊಲಿಗೆ ಹಾಕುವಾಗ ಕಾವೇರಿ ಅಳಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಆಡಿದ ಮಾತಿಗೆ ಅತ್ತಳು.

“ಇನ್ನ ಸಾಕು. ಯುಗಾದಿಗಿ ನಮ್ಮ ಲಕ್ಷ್ಮಿಕಾಂತ ಊರಿಗಿ ಹೋಗ್ತಾನಲ್ಲ, ಸೈಕಲ್ ಅವನ ಕೂಡ ಕಳಿಸಿಬಿಡೋಣು. ಅವನ ಮಗ ಹೊಡೀಲಿ. ಇಕಿ ನಡಕೊಂಡು ಸಾಲಿಗಿ ಹೋಗ್ಲಿ.” ಲಕ್ಷ್ಮಿಕಾಂತ ಅಯ್ಯಮ್ಮನ ತಮ್ಮ, ಕೆ.ಆರ್. ಪುರದಲ್ಲಿ ಗಾರೆ ಕೆಲಸದವನು. ಯುಗಾದಿಗೆ ಮೂರೇ ವಾರ ಬಾಕಿ ಇತ್ತು.

ಭಗವಂತರಾಯ ಅಂಗಳಕ್ಕೆ ಹೋಗಿ, ರಸ್ತೆಯಿಂದ ವಾಪಸು ತಂದಿಟ್ಟಿದ್ದ ರ‍್ಯಾಂಪಿನ ತುದಿಗೆ ಎರಡೂ ಕೈ ಊರಿ ಮೈಭಾರವೆಲ್ಲ ಹಾಕಿ ಒತ್ತಿದ. ಕಿರ್ ಎನ್ನಲಿಲ್ಲ. ಅವನು ನಿಲ್ಲಿಸಿದ ಪ್ಲೈ ಮೇಲೆ ಲಾರಿಗಟ್ಟಲೆ ಕಾಂಕ್ರೀಟ್ ಬೀಳುತ್ತದೆ, ಒಂದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅಂಥವನು ಮಾಡಿದ ಎರಡಡಿಯ ವಸ್ತು ಮೂವತ್ತೈದು ಕೆ.ಜಿ.ಯ ಹುಡುಗಿಯನ್ನು ಬೀಳಿಸಿತಲ್ಲ! ಗಟ್ಟಿ ಇಲ್ಲವೇ, ಇದೆ. ಅಳತೆ ತಪ್ಪಿದೆಯೇ, ಇಲ್ಲ. ಹಾಗಾದರೆ ಏನು? ಅದರ ಸುತ್ತ ನಾಲ್ಕು ಸುತ್ತು ಹಾಕಿದರೂ ಏನೂ ತಿಳಿಯದೆ ಕಕ್ಕಾಬಿಕ್ಕಿಯಾದ.

ಮಾರನೇ ದಿನ ಕೆಲಸ ಮುಗಿಸಿ, ಊರಿಗೆ ಕಳಿಸುವುದಾದರೂ ಸರಿಮಾಡಿಸಿ ಕಳಿಸೋಣ ಎಂದು, ಸೊಟ್ಟಗಾದ ಸೈಕಲ್ಲನ್ನು ಮುಖ್ಯರಸ್ತೆಯಲ್ಲಿ ಕಾವೇರಿ ಗಾಳಿ ಹಾಕಿಸುತ್ತಿದ್ದ ರಿಮ್ಶಾಳ ಸೈಕಲ್ ರಿಪೇರಿ ಅಂಗಡಿಗೆ ನೂಕಿಕೊಂಡು ಹೋದ. ರಿಮ್ಶಾಳ ತಂದೆಯದು ಶಿವಾಜಿನಗರದಲ್ಲಿ ಸೈಕಲ್ ಶಾಪು. ಸ್ಪ್ಯಾನರ್ ಹಿಡಿದೇ ಬೆಳೆದ ಹುಡುಗಿ. ಸೈಕಲ್ ಹಾರಿಸುವ ಪಂದ್ಯಗಳಿಗೂ ಹೋದವಳು. ಅವಳು ಹ್ಯಾಂಡಲ್ ತಿರುಗಿಸಿ ನೋಡಿದಳು, ಟೈರು ಮುಟ್ಟಿದಳು, ಬೆರಳು ಮೂಸಿದಳು.

“ಅಣ್ಣ, ಈ ಟೈರ್‌ಗೆ ಎಣ್ಣೆ ಯಾರು ಹಚ್ಚಿದ್ದು?”

“ಟೈರಿಗಿ ಯಾರೂ ಹಚ್ಚಿಲ್ಲ. ಪ್ಲೈಗಿ ನಾನೇ ಹಚ್ಚೀನಿ. ರ‍್ಯಾಂಪಿನ ಪ್ಲೈಗಿ.”

ರಿಮ್ಶಾ ಸ್ಪ್ಯಾನರ್ ಕೆಳಗಿಟ್ಟಳು. “ಸೈಕಲ್ ಹತ್ತೋ ಪ್ಲೈಗೆ ಎಣ್ಣೆನಾ? ಯಾಕಣ್ಣ?”

“ಯಾಕಂದ್ರ… ಪ್ಲೈ ಅಂದಮ್ಯಾಲ ಎಣ್ಣಿ ಹಚ್ಚದ ಬಿಡ್ತಾರೇನು?”

“ನಿಮ್ ಸೈಟಲ್ಲಿ ಯಾಕೆ ಹಚ್ತೀರಾ?”

“ಕಾಂಕ್ರೀಟ್ ಅಂಟಬಾರ್ದಂತ.”

“ಇಲ್ಲಿ ಕಾಂಕ್ರೀಟ್ ಎಲ್ಲಿದೆ?”

ಭಗವಂತರಾಯ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ. ಮೊಳೆಯ ತಲೆ ಯಾಕೆ ಹೊರಗೆ ಬಿಟ್ಟೆ ಎನ್ನುವುದೂ ಆಗಲೇ ತಲೆಗೆ ಹೋಯಿತು. ನಾಳೆಯೇ ಬಿಚ್ಚುವ ವಸ್ತುವಿನಂತೆ ಕಟ್ಟಿದ್ದ, ಅದೂ ಮಗಳಿಗೆ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

“ನನ್ನ ಕೈಲೇ ಕೂಸಿನ ಕೈ ಸೀಳ್ದಂಗಾಯ್ತಲ್ಲವ್ವಾ,” ಅಂದ. ಎರಡಡಿ ಎತ್ತರ, ಹೊರಗೆ ಬಿಟ್ಟ ಮೊಳೆ, ಎಲ್ಲವನ್ನೂ ಅವಳಿಗೆ ಹೇಳಿಕೊಂಡ.

“ಅರೇ ಅಣ್ಣ, ಬಿಡಿ. ನಿಮ್ ಕೈಯಲ್ಲಿ ಕೆಲಸ ಇದೆ, ಇದರ ರೀತಿ ಬೇರೆ ಅಷ್ಟೇ. ಫಸ್ಟು, ಎರಡಡಿ ಎತ್ತರ ಜಾಸ್ತಿ ಆಯ್ತು. ಕಲಿಯೋರಿಗೆ ಒಂದಡಿ ಸಾಕು. ಉದ್ದ ನಾಲ್ಕಡಿ ಬಿಡಿ, ಆಗ ಇಳಿಜಾರು ಮೆತ್ತಗಿರತ್ತೆ.”

“ಅಗಲ?”

“ಎರಡಡಿ ಮೇಲೇ ಇರ್ಲಿ. ಮೇಲ್ಗಡೆಗೆ ನಿಮ್ ಸೈಟಿನ ನುಣುಪು ಪ್ಲೈ ಬೇಡವೇ ಬೇಡ, ತೊಳೆದ್ರೂ ಜಾರತ್ತೆ. ಸಾದಾ ಪ್ಲೈ ಹಾಕಿ, ಹನ್ನೆರಡು ಎಂಎಂದು. ಪೇಂಟ್ ಹೊಡೆದು, ಹಸಿ ಇರೋವಾಗ್ಲೇ ಸಣ್ಣ ಮರಳು ಉದುರಿಸಿ. ಒಣಗಿದ್ಮೇಲೆ ಚಕ್ರಕ್ಕೆ ಹಿಡಿತ ಸಿಗತ್ತೆ.”

“ಮೊಳಿ?”

“ಮೊಳೆ ಮುಟ್ಟಲೇಬೇಡಿ. ಸ್ಕ್ರೂ ಹಾಕಿ, ತಲೆ ಪ್ಲೈ ಒಳಗೆ ಮುಳುಗಬೇಕು. ನೆಲಕ್ಕೆ ತಾಗೋ ಅಂಚಿಗೆ ಒಂದು ತಗಡು ಬಡಿದ್ರೆ ಹತ್ತೋವಾಗ ಚಕ್ರ ಎಗರಲ್ಲ.”

ಭಗವಂತರಾಯ ಅಂಗೈ ಮೇಲೆ ಬೆರಳಲ್ಲಿ ಗೀಚುತ್ತ ಎಲ್ಲ ನೆನಪಿಟ್ಟುಕೊಂಡ. ಕೊನೆಗೆ ಕೇಳಿದ, “ತಲಿಗಿ ನಮ್ಮ ಸೈಟಿನ ಹಳದಿ ಟೋಪಿ ನಡೀತದಲ್ಲ?”

“ನಡಿಯಲ್ಲಣ್ಣ. ಅದು ಮೇಲಿಂದ ಏನಾದ್ರೂ ಬಿದ್ರೆ ಕಾಪಾಡೋಕೆ. ನಾವೇ ಬಿದ್ರೆ ಅದು ಹಾರೋಗತ್ತೆ. ಸೈಕಲ್ ಹೆಲ್ಮೆಟ್ಟೇ ಬೇಕು, ಗಲ್ಲದ ಕೆಳಗೆ ಪಟ್ಟಿ ಬಿಗಿಯಾಗಿರ್ಬೇಕು. ಮತ್ತೆ, ಡಾಕ್ಟರ್ ಸರಿ ಅನ್ನೋವರ್ಗೂ ಕಾವೇರಿ ಸೈಕಲ್ ಮುಟ್ಟೋ ಹಾಗಿಲ್ಲ.”

ಇನ್ನು ಉಳಿದದ್ದು ಜಾಗ. ರಸ್ತೆ ಬೇಡವೇ ಬೇಡ ಎಂದು ರಿಮ್ಶಾ ಖಂಡಿತವಾಗಿ ಹೇಳಿದ್ದಳು. ವಠಾರದ ಪಕ್ಕ ಮುನಿರಾಜಪ್ಪನವರ ಖಾಲಿ ಸೈಟು ಇತ್ತು, ನೆಲ ಸಮ, ಸುತ್ತ ಕಾಂಪೌಂಡು. ಭಗವಂತರಾಯ ಹೋಗಿ ಕೈಕಟ್ಟಿ ನಿಂತು ಕೇಳಿದ.

“ಆಡ್ಕೊಳ್ಲಿ ಬಿಡಪ್ಪ,” ಅಂದರು ಮುನಿರಾಜಪ್ಪ. “ಆದ್ರೆ ಆಟ ಮುಗಿದ ತಕ್ಷಣ ಆ ಸಾಮಾನು ಎತ್ತಿ ಗೋಡೆಗೆ ಒರಗಿಸ್ಬೇಕು. ನನ್ನ ಕಾರು ನಿಲ್ಸೋ ಜಾಗ ಅದು.”

ಹಾಗಾಗಿ ಇಬ್ಬರು ಎತ್ತುವಷ್ಟು ಹಗುರ ಇರಬೇಕಾಯಿತು. ಮುಂದಿನ ಎರಡು ಭಾನುವಾರ ಭಗವಂತರಾಯ ಕೂತು ಮಾಡಿದ. ಅಕ್ಕಪಕ್ಕಕ್ಕೆ ಎರಡು, ನಡುವೆ ಒಂದು, ಹೀಗೆ ಮೂರು ತ್ರಿಕೋನದ ತುಂಡು ಕೊಯ್ದು, ಅಡ್ಡಕ್ಕೆ ಮರದ ರೀಪರ್ ಪಟ್ಟಿ ಕೊಟ್ಟು, ಮೇಲೆ ಪ್ಲೈ ಕೂರಿಸಿದ. ಹಿಡಿದು ಎತ್ತಲು ಪಕ್ಕದಲ್ಲಿ ಕೈ ತೂರುವಷ್ಟು ರಂಧ್ರ ಬಿಟ್ಟ. ಅಭ್ಯಾಸಬಲದಿಂದ ಎರಡು ಸಲ ಮೊಳೆಗೆ ಕೈ ಹಾಕಿದ; ಎರಡು ಸಲವೂ ಕಾವೇರಿ ಡಬ್ಬಿಯನ್ನು ಆಚೆ ಸರಿಸಿದಳು. ಅಯ್ಯಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಸೈಕಲ್ ಊರಿಗೆ ಹೋಗುವುದು ಹೋಗುವುದೇ ಎಂದು ಅವಳ ಮುಖವೇ ಹೇಳುತ್ತಿತ್ತು.

ಯುಗಾದಿಗೆ ಎರಡು ದಿನ ಮೊದಲು, ಹೊಲಿಗೆ ಬಿಚ್ಚಿ ಡಾಕ್ಟರ್ ಸರಿ ಅಂದ ಮೇಲೆ, ಎಲ್ಲರೂ ಸೈಟಿನಲ್ಲಿ ಸೇರಿದರು. ರಿಮ್ಶಾ ಅಂಗಡಿ ಮುಚ್ಚಿ, ಕಾವೇರಿಗೊಂದು ಸೈಕಲ್ ಹೆಲ್ಮೆಟ್ ಹಿಡಿದು ಬಂದಿದ್ದಳು. ಅಷ್ಟರಲ್ಲಿ ಅಯ್ಯಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

“ಇಕಿನ್ನ ಹಾರಸೋದು ಬ್ಯಾಡ ತಂಗಿ. ನಂಗ ಜೀವ ತಡಿಯಂಗಿಲ್ಲ.”

“ಅಕ್ಕ, ನಿಮ್ ಭಯ ತಪ್ಪಲ್ಲ,” ಅಂದಳು ರಿಮ್ಶಾ. “ಆದ್ರೆ ಸೈಕಲ್ ಕಿತ್ಕೊಂಡ್ರೆ ಬಿಡ್ತಾಳಾ? ಬೇರೆಯವರ ಸೈಕಲ್ ತಗೊಂಡು ಅದೇ ರೋಡಲ್ಲಿ, ಅದೇ ಇಟ್ಟಿಗೆ ಮೇಲೆ, ನಿಮ್ಗೆ ಗೊತ್ತಿಲ್ದಂಗೆ ಹಾರ್ತಾಳೆ. ನಿಮ್ ಕಣ್ಮುಂದೆ ಹಾರ್ಲಿ. ನೀವೇ ಪರೀಕ್ಷೆ ಮಾಡಿ. ಬೇಡ ಅಂದ್ರೆ ಬೇಡ.”

ಅಯ್ಯಮ್ಮ ರ‍್ಯಾಂಪಿನ ಮುಂದೆ ಕೂತಳು. ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಮೇಲಿಂದ ಕೆಳಗಿನವರೆಗೆ ಅಂಗೈ ಆಡಿಸಿದಳು. ಅಂಚಿನಲ್ಲಿ, ಮೂಲೆಯಲ್ಲಿ, ಅಡಿಯಲ್ಲಿ. ಒಂದು ಮೊಳೆಯೂ ಸಿಗಲಿಲ್ಲ. ಎದ್ದು ಚಪ್ಪಲಿ ಕಾಲಲ್ಲೇ ಹತ್ತಿ ನಿಂತು ಮೈಭಾರ ಹಾಕಿ ಜಾರಿಸಿ ನೋಡಿದಳು. ಕಾಲು ಜಾರಲಿಲ್ಲ. ಇಳಿದು ಬಂದು ಮಗಳ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಎಳೆದು ಬಿಗಿಮಾಡಿದಳು.

“ಮೆಲ್ಲಗ,” ಅಂದಳು.

ಮೊದಲ ಮೂರು ಸಲ ಕಾವೇರಿ ಹಾರಲೇ ಇಲ್ಲ. ರಿಮ್ಶಾ ಹೇಳಿದಂತೆ ನಿಧಾನ ಅರ್ಧ ಹತ್ತಿ ನಿಂತು, ನಿಧಾನ ಹಿಂದಕ್ಕೇ ಇಳಿದಳು. ನಾಲ್ಕನೇ ಸಲ ತುಸು ಜೋರಾಗಿ ತುಳಿದಳು. ಎರಡೂ ಚಕ್ರ ನೆಲ ಬಿಟ್ಟು ಗೇಣುದ್ದ ಮೇಲೆ ಹೋದವು, ನೇರವಾಗಿ ಕೆಳಗೆ ಬಂದವು. ಹುಡುಗಿ ಬೀಳಲಿಲ್ಲ. ಬ್ರೇಕ್ ಹಿಡಿದು ನಿಂತು, ತಿರುಗಿ ಅಪ್ಪನನ್ನು ನೋಡಿ ಕೂಗಿದಳು.

ನೆಲಕ್ಕೇ ಬರುವುದಾದರೆ ಹತ್ತುವುದೇಕೆ ಎಂದು ಭಗವಂತರಾಯನಿಗೆ ಆಗಲೂ ತಿಳಿಯಲಿಲ್ಲ. ಈ ಊರಿನಲ್ಲಿ ಅವನು ಕಟ್ಟಿದ್ದೆಲ್ಲ ಬಿಚ್ಚಿ ಹೋಗಿತ್ತು. ಇದೊಂದು ಇರುತ್ತದೆ ಅನ್ನಿಸಿ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

ಅಷ್ಟು ಹೊತ್ತಿಗೆ ಲಕ್ಷ್ಮಿಕಾಂತ ಹಗ್ಗ ಹಿಡಿದುಕೊಂಡು ಬಂದ. “ಅಕ್ಕಾ, ಬಸ್ಸಿನ ಟೈಮಾಯ್ತು. ಸೈಕಲ್ ಎಲ್ಲಿ?”

ಅಯ್ಯಮ್ಮ ಮಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: “ನೀ ಹೋಗಿ ಬಾ ತಮ್ಮಾ. ಸೈಕಲ್ ಖಾಲಿ ಇಲ್ಲ.”

ಅಮ್ಮಂದಿರೇ, ಅಪ್ಪಂದಿರೇ, ಇಂದು ಸಂಜೆ ಒಮ್ಮೆ ನಿಮ್ಮ ರಸ್ತೆಗೆ ಹೋಗಿ ನೋಡಿ. ಇಟ್ಟಿಗೆ, ಹಲಗೆ ಕಂಡರೆ ಬೈದು ಒದ್ದು ಬರಬೇಡಿ. ಕೆಲಸ ಗೊತ್ತಿರುವ ಒಬ್ಬರನ್ನು ಕರೆದು ಒಂದಡಿ ಎತ್ತರದ, ಜಾರದ, ಮೊಳೆ ಇಲ್ಲದ ರ‍್ಯಾಂಪ್ ಮಾಡಿಸಿ. ವಾಹನ ಬಾರದ ಒಂದು ಜಾಗವನ್ನು, ಅದರ ಮಾಲೀಕರನ್ನು ಕೇಳಿ, ಗೊತ್ತುಮಾಡಿ. ಹೆಲ್ಮೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ; ಒಬ್ಬರು ಇಳಿದು ಆಚೆ ಹೋಗುವ ತನಕ ಇನ್ನೊಬ್ಬರು ಹೊರಡದಿರಲಿ. ಆಟಕ್ಕೆ ಮೊದಲು ಪ್ರತಿ ಸಲ ರ‍್ಯಾಂಪಿನ ಮೇಲೆ ನಿಮ್ಮದೇ ಅಂಗೈ ಆಡಿಸಿ ನೋಡಿ. ಮಕ್ಕಳು ಹೇಗಿದ್ದರೂ ಹಾರುತ್ತಾರೆ. ಇಳಿಯುವ ಕಡೆ ನೀವು ನಿಂತಿರಿ.