ಖಾಲಿ ಪೆಟ್ಟು

ಜೋಳದ ಸೊಪ್ಪೆಗೆ ಬೆಂಕಿ ಹಚ್ಚಿ ಮೌನೇಶ್ ಹಲಗೆಯ ಚರ್ಮ ಕಾಯಿಸುತ್ತಿದ್ದಾಗ ವೀರಯ್ಯ ಕಟ್ಟೆಯ ಮೇಲಿಂದಲೇ ಕೂಗಿದ: "ಲೇ ಮೌನ್ಯಾ, ದೂರ ನಿಂದ್ರಲೇ. ಹೊಗಿ ಒಳಗ ಬರಾಕತ್ತೈತಿ."

ಒಳಗೆ ವೀರಯ್ಯನ ಮಗ ವಿನಯನ ಹೆಣ ವಿಭೂತಿ ಬಳಿಸಿಕೊಂಡು ಗೋಡೆಗೊರಗಿ ಕೂತಿತ್ತು. ಹೈದರಾಬಾದಿನಲ್ಲಿ ರಾಕ್ ಬ್ಯಾಂಡ್ ಕಟ್ಟಿ, ಡ್ರಮ್ಸ್ ಬಾರಿಸಿ ಹೆಸರು ಮಾಡಿದವನು ನಲವತ್ತು ದಾಟುತ್ತಲೇ ಹೃದಯಾಘಾತದಿಂದ ಸತ್ತು ಹುಟ್ಟೂರು ಮಕ್ತಲಿಗೆ ಮರಳಿದ್ದ. ಅವನಿಗೆ ಕೈ ಹಿಡಿದು ಬಾರಿಸಲು ಕಲಿಸಿದವನು ಮೌನೇಶ್. ಇವತ್ತಾದರೂ ಯಾರಾದರೂ ಆ ಮಾತು ಆಡಿಯಾರೆಂದು ಮುದುಕ ಬೆಳಗಿನಿಂದ ಎಲ್ಲರ ಬಾಯಿ ನೋಡುತ್ತಿದ್ದ.

*

ಸಣ್ಣವನಿದ್ದಾಗ ವಿನಯ ಶಾಲೆ ತಪ್ಪಿಸಿ ಮೌನೇಶನ ಗುಡಿಸಲ ಹಿಂದೆ ಕೂತು ಹಲಗೆ ಬಡಿಯುತ್ತಿದ್ದ. ಗೊತ್ತಾದ ದಿನ ವೀರಯ್ಯ ಮಗನ ಬೆನ್ನು ಮುರಿಯ ಹೊಡೆದು, ತಲೆಗೆ ನೀರು ಸುರಿಸಿದ ಮೇಲೆಯೇ ಒಳಗೆ ಬಿಟ್ಟುಕೊಂಡಿದ್ದ. ಮರುದಿನ ಹುಡುಗ ಮತ್ತೆ ಹಾಜರು.

"ಕಾಕಾ, ಅಪ್ಪಗ ಹೇಳಬ್ಯಾಡ."

ಕಾಕಾ ಅಂದಿದ್ದ. ಆ ಒಂದು ಮಾತಿಗೆ ಮೌನೇಶ್ ಕರಗಿ ನೀರಾಗಿದ್ದ.

ಬಹಳ ವರ್ಷಗಳ ಮೇಲೆ ಗದ್ವಾಲದ ಚಹಾದಂಗಡಿಯ ಟಿವಿಯಲ್ಲಿ ವಿನಯನನ್ನು ಕಂಡ ಮೌನೇಶ್, "ನಮ್ಮ ಹುಡುಗ್ರೀ!" ಎಂದು ಸದ್ದು ಜಾಸ್ತಿ ಮಾಡಿಸಿದ. ನಿಮ್ಮ ಗುರು ಯಾರು ಎಂದು ಸಂದರ್ಶಕಿ ಕೇಳಿದ್ದಕ್ಕೆ ವಿನಯ ಇಂಗ್ಲಿಷ್ ಹೆಸರುಗಳನ್ನು ಪಟಪಟ ಉದುರಿಸಿದ. ನಮ್ಮೂರಲ್ಲಿ ಕಲಿಸುವವರು ಯಾರಿದ್ದರು, ಎಲ್ಲ ಕ್ಯಾಸೆಟ್ ಕೇಳಿಯೇ ಕಲಿತೆ ಎಂದು ತೆಲುಗಿನಲ್ಲಿ ಹೇಳಿ ನಕ್ಕ. ಇಟ್ಟ ಹೆಸರು ನೋಡಿದರೆ ವಿನಯ! ಮೌನೇಶ್ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

*

ಹೆಣವನ್ನು ಹೂವಿನ ವಿಮಾನದಲ್ಲಿ ಕೂರಿಸಿ ಹೆಗಲಿಗೇರಿಸಿದರು. ಮೌನೇಶ್ ಕೋಲೆತ್ತುವಷ್ಟರಲ್ಲಿ ವಿನಯನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುವ ಉದಯಕುಮಾರ ಅಡ್ಡ ಬಂದ. ಅತ್ತು ಅತ್ತು ಅವನ ಕಣ್ಣುಗಳು ಊದಿದ್ದವು.

"ತಾತಾ, ವಿನಯಣ್ಣಂದೊಂದು ಬೀಟ್ ಐತ್ರಿ. ಅಂವನೇ ಹುಟ್ಟಿಸಿದ್ದು. ಇವತ್ತು ಅದನ್ನ ಬಾರಿಸ್ರಿ. ಸಸಾರ ಐತಿ, ನಾ ತೋರಸ್ತೀನಿ."

ಹಲಗೆ ಇಸಿದುಕೊಂಡು ಬಡಿದ. ಅದು ಮೌನೇಶನಿಗೆ ಅವನಪ್ಪನಿಂದ ಬಂದ, ಹೆಣದ ಮುಂದೆ ಬಡಿಯುವ ಪೆಟ್ಟು. ಆದರೆ ನಾಲ್ಕು ಪೆಟ್ಟಾದ ಮೇಲೆ ಖಾಲಿ ಬಿಡಬೇಕಾದ ಜಾಗದಲ್ಲೂ ಇವನು ಬಡಿದಿದ್ದ. ಮೊದಮೊದಲು ವಿನಯನೂ ಹಾಗೇ ಮಾಡುತ್ತಿದ್ದ. "ಅಲ್ಲಿ ಬಡೀಬ್ಯಾಡಪಾ, ಹೆಣ ಹೊತ್ತೋರು ಉಸುರು ತಗೋತಾರ," ಎಂದು ಮೌನೇಶ್ ಅವನ ಮಣಿಕಟ್ಟು ಹಿಡಿದು ತಿದ್ದಿದ್ದ.

ಮೌನೇಶ್ ವೀರಯ್ಯನ ಕಡೆ ನೋಡಿದ. ಅಲ್ಲಿದ್ದವರಲ್ಲಿ ಎಲ್ಲ ಬಲ್ಲವನು ಅವನೊಬ್ಬನೇ. ವೀರಯ್ಯ ಮುಖ ತಿರುಗಿಸಿದ.

"ಹೊತ್ತಾತು. ಅವರು ಹೇಳಿಕೊಟ್ಟಂಗ ಬಡಿ."

"ಆತ್ರಿ ಧಣಿ. ಹೇಳಿಕೊಟ್ಟಂಗ ಬಡೀತೀನಿ."

ತೋರಿಸಿದ ಹಾಗೆಯೇ, ಎಲ್ಲೂ ಬಿಡುವು ಕೊಡದೆ ಬಡಿಯುತ್ತ ನಡೆದ. ಉದಯಕುಮಾರ ಅಳುತ್ತಲೇ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದ. ಬೀದಿಯ ತಿರುವಿನಲ್ಲಿ ಹೊತ್ತವರ ಕಾಲು ತೊಡರಿ ವಿಮಾನ ವಾಲಿತು. ವಿನಯನ ತಲೆ ಹೌದು ಹೌದೆಂಬಂತೆ ಆಡಿತು.

"ಉಸುರು ತಗೋಳಾಕರೆ ಬಿಡಲೇ, ಮೌನ್ಯಾ!" ಎಂದು ಮುಂದೆ ಹೆಗಲು ಕೊಟ್ಟವನು ಚೀರಿದ.

ಮೌನೇಶ್ ಕೋಲೆತ್ತಿ ಆ ಖಾಲಿ ಜಾಗಕ್ಕೇ ಇನ್ನಷ್ಟು ಜೋರಾಗಿ ಬಿಗಿದ.