ವೃತ್ತದೊಳಗಿನ ಪದಗಳು

ಗಿಂಡಿ ಕೈಗಾರಿಕಾ ವಸಾಹತಿನ ಆ ನಾಲ್ಕು ಮಹಡಿಯ ಕಟ್ಟಡದಲ್ಲಿ ಗ್ರೀಕ್ ಬಲ್ಲವರು ಒಬ್ಬರೂ ಇರಲಿಲ್ಲ. ಆದರೂ 2001ರ ನವೆಂಬರ್ ಐದರ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅಲ್ಲಿ ಇಬ್ಬರು ಹೆಂಗಸರು ಇಂಗ್ಲಿಷ್–ಗ್ರೀಕ್ ಪದಕೋಶವೊಂದರ ಒಂದು ಅಧ್ಯಾಯವನ್ನು ಟೈಪ್ ಮಾಡಲು ಕುಳಿತರು. ರತ್ನಾವತಿ ಮೊದಲ ಮಹಡಿಯಲ್ಲಿ, ಹರಿಪ್ರಿಯಾ ಮೂರನೆಯ ಮಹಡಿಯಲ್ಲಿ. ಇಬ್ಬರ ಮುಂದೆಯೂ ಅದೇ ಎಪ್ಪತ್ತನಾಲ್ಕು ಪುಟಗಳು.

ಅದು ಆ ಕಂಪನಿಯ ಪದ್ಧತಿ. ಹೊರದೇಶದ ಪ್ರಕಾಶಕರು ಕಳಿಸಿದ ಹಸ್ತಪ್ರತಿಯನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡಬೇಕು. ಆಮೇಲೆ ಕಂಪ್ಯೂಟರು ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಮಾತ್ರ ಮೇಲ್ವಿಚಾರಕರು ಮೂಲ ತೆರೆದು ನೋಡುತ್ತಾರೆ. ಭಾಷೆ ಗೊತ್ತಿಲ್ಲದ ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ ಎಂಬುದು ಇದರ ಲೆಕ್ಕಾಚಾರ. ಆದ್ದರಿಂದ ಜೋಡಿಯವರು ಒಂದೇ ಮಹಡಿಯಲ್ಲಿ ಕೂರುವಂತಿಲ್ಲ, ಕೆಲಸ ಮುಗಿಯುವವರೆಗೆ ಆ ಹಸ್ತಪ್ರತಿಯ ಬಗ್ಗೆ ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ. ಅನುಮಾನ ಬಂದರೆ ಹಳದಿ ಚೀಟಿಯಲ್ಲಿ ಬರೆದು ಎರಡನೆಯ ಮಹಡಿಯ ಮೇಲ್ವಿಚಾರಕ ಮಂಜುನಾಥ್ ಅವರಿಗೆ ಕಳಿಸಬೇಕು. ಅವರು ಪ್ರಕಾಶಕರಿಗೆ ಇಮೇಲ್ ಮಾಡುತ್ತಾರೆ. ಉತ್ತರ ಬರಲು ಒಂದು ದಿನ. ಅಲ್ಲಿಯವರೆಗೆ ಆ ಪುಟ ನಿಲ್ಲುತ್ತದೆ, ದಿನದ ಗುರಿ ತಪ್ಪುತ್ತದೆ. ಹಾಗಾಗಿ ಆರು ತಿಂಗಳಲ್ಲಿ ಮಂಜುನಾಥ್ ಅವರ ಮೇಜಿಗೆ ಬಂದ ಹಳದಿ ಚೀಟಿಗಳು ಒಟ್ಟು ನಾಲ್ಕು.

ಪದಕೋಶ ವಿಷಯವಾರು ವಿಂಗಡಿಸಿದ್ದು. ಈ ಅಧ್ಯಾಯದ ವಿಷಯ ಬೇರ್ಪಡಿಕೆ ಮತ್ತು ವಿಭಜನೆ. ಒಡೆಯುವುದು, ಸೀಳುವುದು, ಪಾಲು ಮಾಡುವುದು, ಅಗಲುವುದು, ಕಳಚುವುದು ಹೀಗೆ ಇನ್ನೂರ ಹನ್ನೆರಡು ಇಂಗ್ಲಿಷ್ ಪದಗಳು, ಒಂದೊಂದಕ್ಕೂ ಕೆಲವು ಉದಾಹರಣೆ ವಾಕ್ಯಗಳು. ಪ್ರತಿಯೊಂದರ ಎದುರಿಗೆ ಥೆಸಲೋನಿಕಿ ನಗರದ ಒಬ್ಬ ನಿವೃತ್ತ ಶಿಕ್ಷಕಿ ಸಾಮಾನ್ಯವಾಗಿ ಎರಡೋ ಮೂರೋ ಗ್ರೀಕ್ ಪದಗಳನ್ನು ಕೈಯಲ್ಲಿ ಬರೆದಿದ್ದರು. ಕೆಲವು ಪದಗಳ ಸುತ್ತ ಪೆನ್ನಿನಿಂದ ವೃತ್ತ ಎಳೆದಿದ್ದರು. ವೃತ್ತ ಯಾಕೆ ಎಂದು ಎಲ್ಲೂ ಬರೆದಿರಲಿಲ್ಲ.

ರತ್ನಾವತಿಗೆ ಮೂವತ್ತಮೂರು ವರ್ಷ. ಚಾಮರಾಜನಗರದವಳು. ಗಂಡನ ವರ್ಗಾವಣೆಗಳ ಹಿಂದೆ ಹೋಗುತ್ತ ಎರಡು ಕೆಲಸ ಬಿಟ್ಟಿದ್ದಳು. ಈ ಸಲ ಬಿಡಬಾರದು ಎಂದು ನಿರ್ಧರಿಸಿ, ಸೈದಾಪೇಟೆಯಲ್ಲಿ ಮನೆ ಹಿಡಿದು ಐದು ತಿಂಗಳಾಗಿತ್ತು. ಆರು ತಿಂಗಳ ಪ್ರೊಬೇಷನ್ ನವೆಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅಂದು ಒಂದೋ ಖಾಯಂ ಪತ್ರ, ಇಲ್ಲವೋ ಮನೆ.

ಹರಿಪ್ರಿಯಾ ಅಲ್ಲಿ ಹನ್ನೊಂದು ವರ್ಷದಿಂದ ಇದ್ದವಳು. ಅವಳ ಮುತ್ತಜ್ಜನ ಕಾಲದಿಂದ ಇದೇ ತಮಿಳು ನಗರದ ಪುರಸೈವಾಕ್ಕಂನಲ್ಲಿ ಮನೆ. ಮನೆಮಾತು ಕನ್ನಡ, ಆದರೆ ಅರ್ಧಕ್ಕರ್ಧ ತಮಿಳು. ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ಇಬ್ಬರೂ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಉಣ್ಣುತ್ತಿದ್ದರು. ನಿನ್ನದು ಯಾವ ಸೀಮೆ ಕನ್ನಡ ಎಂದು ರತ್ನಾವತಿ ಕಿಚಾಯಿಸಿದರೆ, ಅದು ಪುರಸೈವಾಕ್ಕಂ ಸೀಮೆಯದು, ಅಲ್ಲಿ ಅದಕ್ಕೆ ವ್ಯಾಕರಣವೂ ಇದೆ ಎಂದು ಹರಿಪ್ರಿಯಾ ಮಜ್ಜಿಗೆ ಅನ್ನ ಕಲಸುತ್ತ ಹೇಳುತ್ತಿದ್ದಳು.

ಆ ಸೋಮವಾರ ಊಟ ಮುಗಿಯುವ ಹೊತ್ತಿಗೆ ಹರಿಪ್ರಿಯಾ ದನಿ ತಗ್ಗಿಸಿ ಕೇಳಿದಳು. "ರತ್ನಾ, ಆ ವಟ್ಟ ವಟ್ಟ ಹಾಕಿದಾರಲ್ಲ ಮಾ, ಅದನ್ನ ಏನ್ ಮಾಡ್ತಾ ಇದೀಯ ನೀನು?"

ರತ್ನಾವತಿ ಯೋಚಿಸಲೂ ಇಲ್ಲ. "ವೃತ್ತ ಹಾಕಿದ್ರೆ ಸರಿ ಉತ್ರ ಕಣಕ್ಕ. ನಾನು ಅವನ್ನ ಮಾತ್ರ ತಕ್ಕೊಂಡು ಮಿಕ್ಕಿದ್ದು ಬುಟ್ಟಿದ್ದೀನಿ."

ಅವಳು ಮದುವೆಗೆ ಮುಂಚೆ ಎರಡು ವರ್ಷ ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದ್ದಳು. ಪ್ರತಿ ಪ್ರಶ್ನೆಪತ್ರಿಕೆಯ ತಲೆಯಲ್ಲೂ ಸರಿಯುತ್ತರಕ್ಕೆ ವೃತ್ತ ಎಳೆಯಿರಿ ಎಂಬ ಸಾಲನ್ನು ಅವಳೇ ಅಚ್ಚಿನ ಸ್ಟೆನ್ಸಿಲ್ ಹಾಳೆಯ ಮೇಲೆ ಕೊರೆದಿದ್ದಳು. ಹರಿಪ್ರಿಯಾ ಬೆಳಿಗ್ಗೆಯಿಂದ ವೃತ್ತದ ಒಳಗಿನವು, ಹೊರಗಿನವು ಎಲ್ಲವನ್ನೂ ಟೈಪ್ ಮಾಡಿದ್ದಳು. ಅವಳಿಗೆ ಈ ವಿವರಣೆ ಸರಿಯೆನ್ನಿಸಿತು. ಇಲ್ಲಿ ಹನ್ನೊಂದು ವರ್ಷ ಇದ್ದ ನಾನು ಐದು ತಿಂಗಳವಳನ್ನು ಕೇಳಿ ತಿಳಿದೆನಲ್ಲ ಎಂದು ನಕ್ಕು ಕೆಳಗೆ ಹೋದಳು.

ಕೆಲಸ ಆ ವಾರವೇ ಮುಗಿಯಿತು. ಹೋಲಿಕೆಯಲ್ಲಿ ಎಂದಿನಂತೆ ಸಣ್ಣಪುಟ್ಟ ವ್ಯತ್ಯಾಸಗಳು ಬಂದವು, ಮಂಜುನಾಥ್ ಅವನ್ನು ಸರಿಪಡಿಸಿದರು. ವೃತ್ತದ ವಿಷಯದಲ್ಲಿ ಇಬ್ಬರದೂ ಒಂದೇ ಇದ್ದುದರಿಂದ ಕಂಪ್ಯೂಟರು ಏನನ್ನೂ ಹೇಳಲಿಲ್ಲ. ಹನ್ನೆರಡನೆಯ ತಾರೀಕು ಅಧ್ಯಾಯ ಪ್ರಕಾಶಕರಿಗೆ ಹೋಯಿತು. ಎರಡು ದಿನ ಬಿಟ್ಟು ದೀಪಾವಳಿ.

ನವೆಂಬರ್ ಇಪ್ಪತ್ತಾರರ ಬೆಳಿಗ್ಗೆ ಪ್ರಕಾಶಕರ ಪತ್ರ ಬಂತು. ಸಭ್ಯವಾದ, ಆದರೆ ಎರಡು ಪುಟದ ಪತ್ರ. ಶಿಕ್ಷಕಿ ವೃತ್ತ ಎಳೆದದ್ದು ತಾನು ಬೇಡವೆಂದು ತೀರ್ಮಾನಿಸಿದ ಪದಗಳಿಗೆ. ಕಂಪನಿ ಬೇಡವಾದವನ್ನು ಉಳಿಸಿಕೊಂಡು, ಬೇಕಾದವನ್ನು ಕೈಬಿಟ್ಟಿತ್ತು. ಪತ್ರದಲ್ಲಿ ಉದಾಹರಣೆಗಳಿದ್ದವು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು ಎಂಬ ವಾಕ್ಯಕ್ಕೆ ಶಿಕ್ಷಕಿ ಎರಡು ಪದ ಬರೆದಿದ್ದರು. ಒಂದು ದಿಯೆರೊ, ಹತ್ತನ್ನು ಎರಡರಿಂದ ಭಾಗಿಸುವಾಗ ಬಳಸುವಂಥದ್ದು. ಇನ್ನೊಂದು ಮಿರಾಝೊ, ಜನ ತಮ್ಮೊಳಗೆ ಪಾಲು ಮಾಡಿಕೊಳ್ಳುವಾಗ ಆಡುವಂಥದ್ದು. ಅವರು ಲೆಕ್ಕದ ಪದಕ್ಕೆ ವೃತ್ತ ಎಳೆದು ಪಾಲಿನ ಪದ ಉಳಿಸಿದ್ದರು. ಗಿಂಡಿಯಿಂದ ಹೋದ ಪ್ರತಿಯಲ್ಲಿ ಉಳಿದದ್ದು ಲೆಕ್ಕದ ಪದ. ಇಂಥವು ಎಪ್ಪತ್ತನಾಲ್ಕು ಪುಟಗಳಲ್ಲಿ ನಾನೂರಕ್ಕೂ ಹೆಚ್ಚು. ಇಬ್ಬರು ಪ್ರತ್ಯೇಕವಾಗಿ ಟೈಪ್ ಮಾಡಿದ್ದರೆ ಇದು ಹೇಗೆ ಸಾಧ್ಯ ಎಂಬುದು ಪತ್ರದ ಕೊನೆಯ ಪ್ರಶ್ನೆ.

ಪತ್ರದ ಸುದ್ದಿ ಹನ್ನೊಂದು ಗಂಟೆಗೆ ಎಲ್ಲ ಮಹಡಿಗಳಿಗೂ ಗೊತ್ತಾಯಿತು. ರತ್ನಾವತಿ ಮೂಲದ ಪುಟವನ್ನು ಮತ್ತೆ ತೆರೆದು ನೋಡಿದಳು. ತನ್ನ ಮನೆಯಲ್ಲಿ ದೊಡ್ಡಪ್ಪ, ಅಪ್ಪ ಬೇರೆಯಾದಾಗ ಯಾರೂ ಜಮೀನನ್ನು ಭಾಗಿಸಿದೆವು ಅನ್ನಲಿಲ್ಲ, ಹಿಸ್ಸೆ ಆಯಿತು ಅಂದರು. ಗ್ರೀಕರಿಗೂ ಹಾಗೆ ಎರಡು ಮಾತು ಇರುತ್ತದೆಂದು ಒಂದು ಕ್ಷಣ ಯೋಚಿಸಿದ್ದರೆ, ಬರೆದವರು ಯಾವುದನ್ನು ಉಳಿಸಿಕೊಂಡಾರು ಎಂಬ ಅನುಮಾನವಾದರೂ ಹುಟ್ಟುತ್ತಿತ್ತು. ಒಂದು ಹಳದಿ ಚೀಟಿ ಬರೆಯಬಹುದಿತ್ತು.

ಮಧ್ಯಾಹ್ನ ತಾರಸಿಯಲ್ಲಿ ಹರಿಪ್ರಿಯಾ ಡಬ್ಬಿ ತೆರೆಯಲಿಲ್ಲ. ಅವಳು ಯೋಚಿಸಿಕೊಂಡೇ ಬಂದಿದ್ದಳು. ನಾವು ಮಾತಾಡಲೇ ಇಲ್ಲ, ಇಬ್ಬರಿಗೂ ತಾನಾಗಿ ಹಾಗೆ ತೋಚಿತು ಎಂದು ಹೇಳೋಣ ಎಂದಳು. ವೃತ್ತ ಅಂದರೆ ಸರಿ ಎಂದು ಈ ದೇಶದಲ್ಲಿ ಯಾರಿಗೆ ಬೇಕಾದರೂ ತೋಚುತ್ತದೆ, ಯಾರೂ ಅದನ್ನು ಸುಳ್ಳೆನ್ನಲಾರರು. ಮಾತಾಡಿದ್ದು ಗೊತ್ತಾದರೆ ನಿಯಮ ಮುರಿದದ್ದಾಗುತ್ತದೆ. ಪ್ರೊಬೇಷನ್‌ನಲ್ಲಿ ಇರುವವಳಿಗೆ ಅಷ್ಟು ಸಾಕು.

"ನಿಂಗೆ ಶುಕ್ರವಾರ ಲೆಟರ್ ಬರ್ಬೇಕು ಮಾ," ಎಂದಳು. "ಅಪ್ಪುರಂ, ಆಮೇಲೆ ಸತ್ಯ ಹೇಳ್ಕೋ, ಯಾರು ಬೇಡಾಂತಾರೆ."

ರತ್ನಾವತಿ ತನ್ನ ಡಬ್ಬಿಯ ಮುಚ್ಚಳ ಹಾಕಿ ಎದ್ದಳು.

ಮಂಜುನಾಥ್ ಮಂಡ್ಯದವರು. ಇಲ್ಲಿಗೆ ಬರುವ ಮುಂಚೆ ಮೈಸೂರಿನ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದರು. ಅವರು ಕೂಗಾಡುವವರಲ್ಲ. ಮೂರು ಗಂಟೆಗೆ ಇಬ್ಬರನ್ನೂ ಕರೆದು ಒಂದೊಂದು ಬಿಳಿಹಾಳೆ ಕೊಟ್ಟರು. ಐದನೆಯ ತಾರೀಕು ಬೆಳಿಗ್ಗೆಯಿಂದ ಏನಾಯಿತು ಎಂದು ಬರೆಯಿರಿ, ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ, ಆದರೆ ಅವರವರ ಮಹಡಿಯಲ್ಲಿ ಕೂತು ಎಂದರು. ಆಮೇಲೆ ಒಂದು ಮಾತು ಸೇರಿಸಿದರು.

"ಇಬ್ಬರದೂ ಒಂದೇ ತರ ಇದ್ರೆ ನಾನು ನಂಬ್ತೀನಿ. ಕಂಪ್ಯೂಟರೂ ಹಂಗೇ ನಂಬಿದ್ದು."

ರತ್ನಾವತಿ ತನ್ನ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಹಾಳೆಯನ್ನು ನೋಡುತ್ತ ಕೂತಳು. ಮೇಲೆ ಹರಿಪ್ರಿಯಾ ಏನು ಬರೆಯುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು. ತಾನೂ ಅದನ್ನೇ ಬರೆದರೆ ಎರಡೂ ಹೊಂದುತ್ತವೆ, ಶುಕ್ರವಾರ ಪತ್ರ ಬರುತ್ತದೆ. ನಿಜ ಬರೆದರೆ ತನ್ನ ಕೆಲಸ ಹೋಗುವುದಲ್ಲದೆ, ಮಾತಾಡಲಿಲ್ಲ ಎಂದು ಬರೆದ ಹರಿಪ್ರಿಯಾ ಸುಳ್ಳುಗಾತಿಯಾಗುತ್ತಾಳೆ. ಆದರೆ ಪ್ರಕಾಶಕರು ಕೇಳಿದ್ದು ಒಂದೇ ಪ್ರಶ್ನೆ. ಇಬ್ಬರು ಒಂದೇ ಸುಳ್ಳನ್ನು ಟೈಪ್ ಮಾಡಿ ಅದಕ್ಕೆ ಉತ್ತರ ಕಳಿಸಿದರೆ, ಮೊದಲು ಮಾಡಿದ ತಪ್ಪನ್ನೇ ಈಗ ತಿಳಿದು ಮಾಡಿದ ಹಾಗೆ. ಅವಳು ಆರು ಸಾಲು ಬರೆದಳು. ಹರಿಪ್ರಿಯಕ್ಕ ಕೇಳಿದ್ದು ನಿಜ, ಆದರೆ ವೃತ್ತವೆಂದರೆ ಸರಿಯುತ್ತರ ಎಂದು ಹೇಳಿದ್ದು ನಾನು, ಅವರು ನನ್ನ ಮಾತು ನಂಬಿದರು.

ನಾಲ್ಕು ಗಂಟೆಗೆ ಮಂಜುನಾಥ್ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಹರಿಪ್ರಿಯಾಳ ಹಾಳೆ ಇಂಗ್ಲಿಷಿನಲ್ಲಿತ್ತು. ಮಾತಾಡಿದ್ದು ನಿಜ ಎಂದು ಅದರಲ್ಲೂ ಇತ್ತು. ವ್ಯತ್ಯಾಸ ಒಂದೇ ಕಡೆ. ವೃತ್ತದ ಪದ ಮಾತ್ರ ತೆಗೆದುಕೊಳ್ಳಬೇಕೆಂದು ಹೊಸಬಳಿಗೆ ಹೇಳಿಕೊಟ್ಟವಳು ನಾನು, ಅವಳು ಹಿರಿಯಳ ಮಾತು ಕೇಳಿದಳು, ಅಷ್ಟೆ.

ವ್ಯತ್ಯಾಸ ಬಂದಾಗ ಮೂಲ ನೋಡುವುದು ಅವರ ಕೆಲಸ. ಪ್ರತಿ ಪುಟವನ್ನು ಯಾರು ಎಷ್ಟು ಹೊತ್ತಿಗೆ ಟೈಪ್ ಮಾಡಿದರು, ಎಷ್ಟು ಹೊತ್ತಿಗೆ ತಿದ್ದಿದರು ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಅದನ್ನು ತೆಗೆಸಿದರು. ರತ್ನಾವತಿ ಬೆಳಿಗ್ಗೆ ಒಂಬತ್ತೂ ಇಪ್ಪತ್ತರಿಂದಲೇ ವೃತ್ತದ ಪದಗಳನ್ನು ಮಾತ್ರ ಟೈಪ್ ಮಾಡಿದ್ದಳು. ಹರಿಪ್ರಿಯಾ ಒಂದು ಗಂಟೆಯವರೆಗೆ ಎಂಟು ಪುಟಗಳಲ್ಲಿ ಎಲ್ಲ ಪದಗಳನ್ನೂ ಹಾಕಿದ್ದಳು. ಒಂದೂ ನಲವತ್ತರಿಂದ ಎರಡೂ ಇಪ್ಪತ್ತೈದರ ನಡುವೆ ಆ ಎಂಟನ್ನೂ ಮತ್ತೆ ತೆರೆದು ಮಿಕ್ಕವನ್ನು ಅಳಿಸಿದ್ದಳು.

ಇಬ್ಬರನ್ನೂ ಒಟ್ಟಿಗೆ ಕರೆದರು.

"ಹರಿಪ್ರಿಯಾ ಅವರೇ, ನೀವು ಬರೆದಿದ್ದು ಗಡಿಯಾರಕ್ಕೆ ತಾಳೆ ಆಗ್ತಿಲ್ಲ," ಎಂದರು.

"ಗಡಿಯಾರ ತಪ್ಪಾಗಿರ್ಬಹುದು ಸಾರ್," ಎಂದಳು ಹರಿಪ್ರಿಯಾ.

"ಗಡಿಯಾರ ಊಟಕ್ಕೆ ಹೋಗಲ್ಲ ಕಣಮ್ಮ."

ರತ್ನಾವತಿ ಹರಿಪ್ರಿಯಾಳತ್ತ ತಿರುಗಿ, ಹಂಗ್ಯಾಕೆ ಬರದ್ರಿ ಅಕ್ಕ ಎಂದು ಕೇಳಿದಳು. ಹರಿಪ್ರಿಯಾ ಗೋಡೆಯ ಕ್ಯಾಲೆಂಡರ್ ನೋಡುತ್ತ, ಬರೆಯಲು ಕೂತಾಗ ಮಧ್ಯಾಹ್ನ ಅಂದುಕೊಂಡದ್ದು ಕೈಗೆ ಬರಲಿಲ್ಲ, ತಪ್ಪಿಗೆ ನಿನ್ನ ಹೆಸರು ಹಾಕಲೂ ಮನಸ್ಸು ಬರಲಿಲ್ಲ ಎಂದಳು.

ತಮ್ಮ ತಪ್ಪನ್ನು ಮಂಜುನಾಥ್ ಅವರೂ ಬಲ್ಲರು. ಮೂಲದ ಮೊದಲ ಪುಟವನ್ನು ಅವರು ಕೆಲಸ ಹಂಚುವ ಮುಂಚೆ ತೆರೆದೇ ಇರಲಿಲ್ಲ. ಕರಡು ತಿದ್ದಿದ ಕಣ್ಣಿಗೆ ಆ ವೃತ್ತಗಳು ಬಿದ್ದಿದ್ದರೆ ಅವರು ಅಂದೇ ಇಮೇಲ್ ಮಾಡುತ್ತಿದ್ದರು. ಚೀಟಿ ಬರೆದರೆ ಗುರಿ ತಪ್ಪುತ್ತದೆ ಎಂಬ ಏರ್ಪಾಡೂ ಅವರ ಇಲಾಖೆಯದೇ. ಪ್ರಕಾಶಕರಿಗೆ ಕಳಿಸಿದ ಉತ್ತರದಲ್ಲಿ ಅವರು ಈ ಮೂರನ್ನೂ ಬರೆದರು. ಇಬ್ಬರು ಮಾತಾಡಿದ್ದು, ತಾವು ನೋಡದೆ ಇದ್ದದ್ದು, ಚೀಟಿಗೆ ದಂಡ ಇದ್ದದ್ದು. ಇಡೀ ಅಧ್ಯಾಯವನ್ನು ಮತ್ತೆ ಮಾಡಿ ಕೊಡುತ್ತೇವೆ ಎಂದರು. ಚೀಟಿಯಿಂದಾಗಿ ನಿಂತ ಪುಟವನ್ನು ದಿನದ ಗುರಿಯ ಲೆಕ್ಕದಿಂದ ಬಿಡಬೇಕೆಂದು ಮೇಲಿನವರಿಗೂ ಒಂದು ಟಿಪ್ಪಣಿ ಹೋಯಿತು.

ಶುಕ್ರವಾರ ಎರಡು ಪತ್ರಗಳು ಬಂದವು. ಹರಿಪ್ರಿಯಾಳಿಗೆ ಹನ್ನೊಂದು ವರ್ಷದಲ್ಲಿ ಮೊದಲ ಮೆಮೊ. ರತ್ನಾವತಿಗೆ ಪ್ರೊಬೇಷನ್ ಮೂರು ತಿಂಗಳು ವಿಸ್ತರಣೆ. ಈ ಅಧ್ಯಾಯ ಮತ್ತೆ ವಾಪಸು ಬಂದರೆ ಆ ಮೂರು ತಿಂಗಳೂ ಇಲ್ಲ. ಅಧ್ಯಾಯವನ್ನು ಮತ್ತೆ ಟೈಪ್ ಮಾಡಬೇಕಾದವರೂ ಅವರಿಬ್ಬರೇ. ಆದರೆ ಊಟದ ಹೊತ್ತು ಬೇರೆ ಬೇರೆ, ಒಬ್ಬರಿಗೆ ಹನ್ನೆರಡೂವರೆ, ಇನ್ನೊಬ್ಬರಿಗೆ ಒಂದೂವರೆ.

ಡಿಸೆಂಬರ್ ಮೂರರಿಂದ ಕೆಲಸ ಶುರುವಾಯಿತು. ಈಗ ವೃತ್ತದ ಹೊರಗಿನ ಪದಗಳು. ರತ್ನಾವತಿ ಒಬ್ಬಳೇ ಟ್ಯಾಂಕಿನ ನೆರಳಲ್ಲಿ ಉಂಡು ಬೇಗ ಇಳಿದು ಬರುತ್ತಿದ್ದಳು. ನಾಲ್ಕನೆಯ ದಿನ, ಐವತ್ತೆಂಟನೆಯ ಪುಟದಲ್ಲಿ ಅವಳ ಕೈ ನಿಂತಿತು. ಜನ ಒಬ್ಬರನ್ನೊಬ್ಬರು ಬಿಟ್ಟು ಹೋಗುವುದನ್ನು ಹೇಳುವ ಇಂಗ್ಲಿಷ್ ಪದದ ಎದುರಿಗೆ ಒಂದೇ ಗ್ರೀಕ್ ಪದವಿತ್ತು. ಅದರ ಸುತ್ತ ಒಂದು ವೃತ್ತ, ಆದರೆ ಪೂರ್ತಿಯಲ್ಲ. ಮುಕ್ಕಾಲು ಭಾಗ ಮಸುಕು, ಮೇಲೆ ಬಾಯಿ ಬಿಟ್ಟಿತ್ತು. ಅದನ್ನು ವೃತ್ತವೆಂದರೆ ಆ ಇಂಗ್ಲಿಷ್ ಪದಕ್ಕೆ ಗ್ರೀಕಿನಲ್ಲಿ ಅರ್ಥವೇ ಉಳಿಯುವುದಿಲ್ಲ. ಅಲ್ಲವೆಂದರೆ ಬೇಡವಾದದ್ದು ಉಳಿಯಬಹುದು. ಅವಳು ಡ್ರಾಯರಿನಿಂದ ಹಳದಿ ಚೀಟಿ ತೆಗೆದು ಪುಟದ ಸಂಖ್ಯೆ, ಸಾಲಿನ ಸಂಖ್ಯೆ ಬರೆದು ಎರಡನೆಯ ಮಹಡಿಗೆ ಕೊಟ್ಟು ಬಂದಳು.

ಮಂಜುನಾಥ್ ಚೀಟಿ ಓದಿ ಟ್ರೇಯಲ್ಲಿಟ್ಟರು. ಅಲ್ಲಿ ಆಗಲೇ ಇನ್ನೊಂದು ಹಳದಿ ಚೀಟಿ ಇತ್ತು. ಮೂರನೆಯ ಮಹಡಿಯಿಂದ ಬಂದದ್ದು. ಅದೇ ಪುಟ, ಅದೇ ಸಾಲು. ಅವರು ಅದನ್ನು ರತ್ನಾವತಿಗೆ ತೋರಿಸಲಿಲ್ಲ, ಹೇಳಲೂ ಇಲ್ಲ. ಐದೂವರೆಗೆ ಇಮೇಲ್ ಕಳಿಸಿ ಮನೆಗೆ ಹೋದರು.

ಉತ್ತರ ಮರುದಿನ ಬೆಳಿಗ್ಗೆ ಬಂತು. ಅದು ವೃತ್ತವಲ್ಲ, ಶಿಕ್ಷಕಿಯವರ ಕಾಫಿ ಲೋಟದ ಕಲೆ, ಪದ ಇರಲಿ, ಅವರು ಕ್ಷಮೆ ಕೇಳಿದ್ದಾರೆ. ಮಂಜುನಾಥ್ ಅದರ ಎರಡು ಪ್ರಿಂಟ್ ತೆಗೆದು, ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಕಳಿಸಿದರು. ಎರಡರ ತಲೆಯಲ್ಲೂ 'ನಿಮ್ಮ ಚೀಟಿಗೆ ಉತ್ತರ' ಎಂದು ಬರೆದಿದ್ದರು.

ಹನ್ನೆರಡೂವರೆಗೆ ರತ್ನಾವತಿ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಹರಿಪ್ರಿಯಾ ನೀರಿನ ಬಾಟಲಿ ತುಂಬಿಸಿಕೊಳ್ಳಲು ಇಳಿದು ಬರುತ್ತಿದ್ದಳು. ಎರಡನೆಯ ಮಹಡಿಯ ತಿರುವಿನಲ್ಲಿ ಎದುರಾದರು. ಪಕ್ಕದಲ್ಲೇ ಮಂಜುನಾಥ್ ಅವರ ಬಾಗಿಲು ತೆರೆದಿತ್ತು.

"ಕಾಫಿ ಆಯ್ತಾ ಮಾ?" ಎಂದಳು ಹರಿಪ್ರಿಯಾ, ಮುಖದಲ್ಲಿ ಏನನ್ನೂ ತೋರಿಸದೆ.

ಆಗ ರತ್ನಾವತಿಗೆ ಮೇಲಿಂದಲೂ ಒಂದು ಚೀಟಿ ಬಂದಿತ್ತೆಂದು ಗೊತ್ತಾಯಿತು. ಕೆಲವು ಪುಟ ಇನ್ನೂ ಬಾಕಿಯಿತ್ತು, ಅವು ಮುಗಿಯುವವರೆಗೆ ಮಾತಾಡುವಂತಿಲ್ಲ. ಅವಳು ತುಟಿ ಬಿಗಿಹಿಡಿದು, ಉತ್ತರ ಕೊಡದೆ ಹತ್ತಿ ಹೋದಳು. ತಾರಸಿಯ ಬಾಗಿಲು ಹಾಕಿಕೊಂಡ ಮೇಲೆ, ಟ್ಯಾಂಕಿನ ನೆರಳಲ್ಲಿ ಡಬ್ಬಿ ಬಿಚ್ಚುತ್ತ ಒಬ್ಬಳೇ ನಕ್ಕಳು.